ನೋಟ್‌ಬುಕ್ಕಿನ ಕೊನೆಯ ಹಾಳೆ

ಬದುಕಿನಲ್ಲಿ ಒಮ್ಮೆಯಾದರೂ ಮಾಡಲೇಬೇಕಾದ ಸಂಗತಿಗಳ ಪಟ್ಟಿಯನ್ನು ನೀವೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿರಬಹುದು. ಹಿಮಾಲಯ, ವಿಮಾನಯಾನ ಎಲ್ಲವೂ ಅದರಲ್ಲಿರಲಿ. ನನ್ನ ಪಟ್ಟಿ ಮಾತ್ರ ಬಾಗಲಕೋಟೆ ಜಿಲ್ಲೆಯನ್ನು ದಾಟಿಲ್ಲ.

ಮೊದಲು ಬಾದಾಮಿ. ಅಲ್ಲಿನ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ನಮ್ಮ ತ್ರಿಪದಿಯ ಹಳೆಯ ರೂಪ ಅದರಲ್ಲಿದೆ. ಫೋಟೋ ತೆಗೆದುಕೊಂಡು ಬಂದರೆ ಸಾಲದು, ಹಳೆಯ ಲಿಪಿ ಕಲಿತು ಒಂದು ಸಾಲನ್ನಾದರೂ ನಾನೇ ಓದಬೇಕು. ನಾನು ಓದಿದ್ದು ವಿಜ್ಞಾನ. ಹಾಗಾಗಿ ಅಲ್ಲಿನ ಕೆಂಪು ಮರಳುಗಲ್ಲಿನಲ್ಲಿ, ಅದು ನೀರಿನಡಿಯ ಮರಳಾಗಿದ್ದಾಗ ಮೂಡಿದ ಅಲೆಗುರುತುಗಳನ್ನೂ ಹುಡುಕಬೇಕು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುಟಿ ಬೆಟ್ಟ ಹತ್ತಬೇಕು. ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಕವಿಗೆ ಅಷ್ಟು ಧೈರ್ಯ ಇರಬೇಕು ಬಿಡಿ!

ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೈಮಗ್ಗದ ಮುಂದೆ ಕೂತು ಹತ್ತು ಕೊಂಡಿಯನ್ನಾದರೂ ನನ್ನ ಕೈಯಿಂದ ಹಾಕಬೇಕು.

ಗುಡ್ಡ, ಶಾಸನ ನನಗಾಗಿ ಕಾಯುತ್ತವೆ. ಮಗ್ಗ ಎಷ್ಟು ದಿನ ಕಾದೀತೋ! ಕೊನೆಯದಂತೂ ಕಾಯುವುದಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಜನ ನವನಗರಕ್ಕೆ ಹೋದರು. ಯಾವ ಓಣಿಯ ತಿರುವಿನಲ್ಲಿ ಯಾರ ಅಂಗಡಿ, ಎಲ್ಲಿ ಬಾವಿ, ಎಲ್ಲಿ ಕಟ್ಟೆ ಎಂಬುದು ಈಗ ಹಿರಿಯರ ನೆನಪಿನಲ್ಲಷ್ಟೇ ಇದೆ. ಅವರ ಪಕ್ಕ ಕೂತು, ಅವರು ಹೇಳಿದಂತೆ ಆ ಊರಿನ ನಕ್ಷೆ ಬರೆಯಬೇಕು. ಪಟ್ಟಿಯಲ್ಲಿ ನಾನು ತಾರೀಖು ಹಾಕಿರುವುದು ಇದೊಂದಕ್ಕೇ: ಬರುವ ದೀಪಾವಳಿಯ ರಜೆ.