ಪ್ರೌಢಶಾಲೆಯ ಪ್ರಬಂಧಕ್ಕೆ ಅಂಕವಿಡುವ ನ್ಯಾಯ

(ಒಂಟಿಕೊಪ್ಪಲಿನಲ್ಲಿ ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ಒಂಟಿಕೊಪ್ಪಲು ಪಂಚಾಂಗದಿಂದ ನಾಡಿಗೆಲ್ಲ ಹೆಸರಾದ ಸ್ಥಳ. ಪರೀಕ್ಷೆಯ ಕಾಲ ಬಂದಿತೆಂದರೆ ತಾಯಿತಂದೆಗಳು ಇಲ್ಲಿಯ ಪಂಚಾಂಗವನ್ನು ತೆರೆದು, ರಾಹುಕಾಲವನ್ನು ಕಳೆದು, ಮಕ್ಕಳನ್ನು ಮನೆಯಿಂದ ಹೊರಡಿಸುವುದನ್ನು ನಾವೆಲ್ಲರೂ ಬಲ್ಲೆವು. ಅವರನ್ನು ಹಾಸ್ಯಮಾಡುವ ಉದ್ದೇಶ ನನಗಿಲ್ಲ. ಮಗುವು ಬರೆದ ಪ್ರಬಂಧವು ಯಾವ ಪರೀಕ್ಷಕರ ಕೈಗೆ ಬೀಳುವುದೋ ಅದರ ಮೇಲೆಯೇ ಅಂಕವು ನಿಲ್ಲುವುದಾದರೆ, ಗ್ರಹಬಲವನ್ನು ನೆಚ್ಚುವ ಆ ತಾಯಿಯ ತರ್ಕದಲ್ಲಿ ದೋಷವೆಲ್ಲಿದೆ? ಈ ಪ್ರಶ್ನೆಯೊಂದನ್ನೇ ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ನಾನು ಉಪಾಧ್ಯಾಯನಲ್ಲ, ವಕೀಲ. ತೀರ್ಪುಗಳು ಹೇಗೆ ಹುಟ್ಟುತ್ತವೆಂಬುದನ್ನು ದಿನವೂ ನೋಡುವವನು. ಅಷ್ಟು ಮಾತ್ರವೇ ನನ್ನ ಅಧಿಕಾರ.

ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ ೧೨೫ ಅಂಕಗಳು. ಅವುಗಳಲ್ಲಿ ೧೦೦ ಬರವಣಿಗೆಯ ಪರೀಕ್ಷೆಗೆ, ೨೫ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆ ನೂರರಲ್ಲಿ ಬಹುಪಾಲು ಪಾಠದಲ್ಲಿ ಓದಿದ್ದನ್ನು ಒಪ್ಪಿಸುವುದಕ್ಕೆ, ವ್ಯಾಕರಣಕ್ಕೆ, ಛಂದಸ್ಸಿಗೆ, ಕಂಠಪಾಠದ ಪದ್ಯಕ್ಕೆ ಸಂದುಹೋಗುತ್ತದೆ. ಪ್ರಬಂಧಕ್ಕೂ ಪತ್ರಲೇಖನಕ್ಕೂ ಉಳಿಯುವ ಪಾಲು ಚಿಕ್ಕದು. ಚಿಕ್ಕದಾದರೇನು? ಹತ್ತು ವರ್ಷಗಳ ವಿದ್ಯಾಭ್ಯಾಸದ ಕೊನೆಯಲ್ಲಿ, ‘ನಿನ್ನ ಮಾತಿನಲ್ಲಿ ನೀನು ಏನನ್ನು ಹೇಳಬಲ್ಲೆ?’ ಎಂದು ನಾಡು ಮಗುವನ್ನು ಕೇಳುವ ಸ್ಥಳ ಅದೊಂದೇ. ಉತ್ತೀರ್ಣತೆಯ ಗೆರೆಯ ಮೇಲೆ ನಿಂತಿರುವ ಹುಡುಗನಿಗಂತೂ ಅಲ್ಲಿಯ ಎರಡು ಅಂಕಗಳು ಮುಂದಿನ ಓದಿಗೂ ಗಾರೆ ಕೆಲಸಕ್ಕೂ ನಡುವಣ ಅಂತರವಾಗಬಹುದು.

ಈ ಅಂಕಗಳು ಎಷ್ಟು ನೆಚ್ಚತಕ್ಕವು? ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ೧೯೧೨ರಲ್ಲಿ ಒಂದು ಪರೀಕ್ಷೆಯನ್ನು ಮಾಡಿ ನೋಡಿದರು, ಪರೀಕ್ಷಕರನ್ನೇ ಪರೀಕ್ಷಿಸಿದರು. ಪ್ರೌಢಶಾಲೆಯ ಇಂಗ್ಲಿಷ್ ಉತ್ತರಪತ್ರಿಕೆಗಳೆರಡನ್ನು ೧೪೨ ಮಂದಿ ಉಪಾಧ್ಯಾಯರು ತಿದ್ದಿದರು. ನೂರಕ್ಕೆ ಮೊದಲನೆಯದಕ್ಕೆ ೬೪ರಿಂದ ೯೮ರವರೆಗೂ, ಎರಡನೆಯದಕ್ಕೆ ೫೦ರಿಂದ ೯೭ರವರೆಗೂ ಅಂಕಗಳು ಬಂದವು. ಭಾಷೆಯ ವಿಷಯ, ಹಾಗಾಗುವುದು ಸಹಜವೆಂದು ಆಕ್ಷೇಪ ಬಂದಿತು. ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕೊಟ್ಟರು, ೨೮ರಿಂದ ೯೨ರವರೆಗೆ!

ಇಂಗ್ಲೆಂಡಿನಲ್ಲಿ ಇದನ್ನೇ ಇನ್ನೂ ಸೂಕ್ಷ್ಮವಾಗಿ ಮಾಡಿದವರು ಸರ್ ಫಿಲಿಪ್ ಹಾರ್ಟಾಗ್; ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು, ನಮ್ಮ ದೇಶದ ಶಿಕ್ಷಣವನ್ನು ಕುರಿತು ೧೯೨೯ರಲ್ಲಿ ವರದಿ ಸಲ್ಲಿಸಿದ ಸಮಿತಿಯ ಅಧ್ಯಕ್ಷರೂ ಅವರೇ. ಅವರೂ ರೋಡ್ಸ್ ಎಂಬವರೂ ೧೯೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚರಿತ್ರೆಯ ೧೫ ಉತ್ತರಪತ್ರಿಕೆಗಳ ಕಥೆಯಿದೆ. ಅವುಗಳನ್ನು ಒಮ್ಮೆ ತಿದ್ದಿದ್ದ ೧೪ ಪರೀಕ್ಷಕರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಒಟ್ಟು ೨೧೦ ತೀರ್ಮಾನಗಳಲ್ಲಿ ೯೨ ಬದಲಾದವು. ಒಂದೇ ದಸ್ತಾವೇಜು, ಅದೇ ಸಾಕ್ಷ್ಯ, ನ್ಯಾಯಾಧೀಶರೂ ಅವರೇ. ವರ್ಷ ಕಳೆದ ಮೇಲೆ ತೀರ್ಪು ಬೇರೆ! ಯಾರೂ ಲಂಚ ತಿಂದವರಲ್ಲ, ಪಕ್ಷಪಾತಿಗಳಲ್ಲ. ಅಳತೆಗೋಲನ್ನು ಕೊಡದೆ ಅಳೆಯಲು ಕುಳ್ಳಿರಿಸಿದ್ದೇ ಅಲ್ಲಿಯ ದೋಷ.

ನಮ್ಮಲ್ಲಿ ಅಳತೆಗೋಲಿಲ್ಲವೆ? ಉಂಟು. ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು ಎಂದು ಅಂಕ ಹಂಚುವ ರೂಢಿಯು ತಮಗೆ ಚೆನ್ನಾಗಿ ಗೊತ್ತು. ಇದರಿಂದ ಅಂಕಗಳು ಪರಸ್ಪರ ಹತ್ತಿರಕ್ಕೆ ಬರುತ್ತವೆಂಬುದನ್ನು ಒಪ್ಪುತ್ತೇನೆ. ಆದರೆ ಈ ಕೋಲು ಅಳೆಯುವುದು ಏನನ್ನು? ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿರಿ. ವಿಷಯ ‘ಗ್ರಂಥಾಲಯಗಳ ಮಹತ್ವ.’ ಒಬ್ಬನು ಅಂಗಡಿಯ ಗೈಡಿನಿಂದ ಉರುಹೊಡೆದ ಪೀಠಿಕೆಯನ್ನೂ ಉಪಸಂಹಾರವನ್ನೂ ಕಾಗುಣಿತ ತಪ್ಪದಂತೆ ಇಳಿಸಿಬಿಡುತ್ತಾನೆ. ಅವನು ಗ್ರಂಥಾಲಯದ ಹೊಸ್ತಿಲನ್ನು ತುಳಿದವನಲ್ಲ. ಇನ್ನೊಬ್ಬಳು, ತನ್ನ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹೋದಾಗಲೆಲ್ಲ ಬೀಗವನ್ನೇ ಕಂಡುದನ್ನು, ಒಂದು ದಿನ ಅದು ತೆರೆದಿದ್ದು ಒಳಗೆ ಕುಳಿತು ಒಂದು ಕಥೆಯನ್ನು ಅರ್ಧ ಓದಿದುದನ್ನು, ಉಳಿದರ್ಧವು ಏನಾಯಿತೋ ಎಂದು ಈಗಲೂ ಯೋಚಿಸುವುದನ್ನು ಬರೆಯುತ್ತಾಳೆ. ಅವಳ ಬರಹಕ್ಕೆ ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಗ್ರಂಥಾಲಯದ ಮಹತ್ವವನ್ನು ತಿಳಿದವಳು ಯಾರು, ಅಂಕ ಹೆಚ್ಚು ಪಡೆಯುವವನು ಯಾರು, ತಾವೇ ಹೇಳಿರಿ.

೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದಲೇ ನೋಡುವ ಏರ್ಪಾಡಾಯಿತು. ಚೀಟಿಯ ನಕಲು ನಿಲ್ಲಬೇಕಾದುದೇ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಚೀಟಿಯನ್ನು ಕಂಡುಹಿಡಿಯುವ ಯಂತ್ರಕ್ಕೆ ನೆನಪಿನಿಂದ ಮಾಡುವ ನಕಲು ಕಾಣದು. ಅದೇ ವರ್ಷ ಫಲಿತಾಂಶ ಕುಸಿಯಿತೆಂದು ಕೃಪಾಂಕವನ್ನು ಶೇಕಡಾ ೧೦ರಿಂದ ೨೦ಕ್ಕೆ ಏರಿಸಿದರು. ಆದರೂ ತೇರ್ಗಡೆಯಾದವರು ಶೇಕಡಾ ೭೩.೪೦ ಮಾತ್ರ. ಮರುವರ್ಷ ಕೃಪಾಂಕವನ್ನು ಕೈಬಿಟ್ಟರು. ಒಂದು ವರ್ಷ ಕೃಪೆ, ಮತ್ತೊಂದು ವರ್ಷ ಅಕೃಪೆ! ಮಗುವಿಗೆ ಬೇಕಾದುದು ಕೃಪೆಯಲ್ಲ, ನ್ಯಾಯ.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಸಂಗತಿಗೆ ಬರುತ್ತೇನೆ. ೧೯೫೬ನೆಯ ನವೆಂಬರ್ ೧ರವರೆಗೆ ಕನ್ನಡದ ಮಕ್ಕಳನ್ನು ಒಂದೊಂದು ಸರಕಾರ ಒಂದೊಂದು ಕೋಲಿನಿಂದ ಅಳೆಯುತ್ತಿತ್ತು. ಧಾರವಾಡದ ಹುಡುಗನು ಬಹುಕಾಲ ಮುಂಬಯಿ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ನಿಗೆ ಕುಳಿತನು. ಮಂಗಳೂರು ಬಳ್ಳಾರಿಗಳವನು ಮದರಾಸಿನ ಪರೀಕ್ಷೆಗೆ. ಕಲಬುರ್ಗಿಯವನಿಗೆ ಪ್ರೌಢಶಾಲೆಯ ಪಾಠವೇ ಉರ್ದುವಿನಲ್ಲಿ. ಮೈಸೂರಿನವನದು ಬೇರೆ ದಾರಿ. ನಾಡು ಒಂದಾಗಿ ಹತ್ತು ವರ್ಷಗಳ ಮೇಲೆ, ೧೯೬೬ರಲ್ಲಿ, ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿಯು ಅಸ್ತಿತ್ವಕ್ಕೆ ಬಂದಿತು. ಮಂಡಲಿಯು ಒಂದಾಯಿತು, ಪ್ರಶ್ನೆಪತ್ರಿಕೆ ಒಂದಾಯಿತು. ಪರೀಕ್ಷಕನ ಕಿವಿ ಒಂದಾಯಿತೆ?

ನಮ್ಮ ಸೀಮೆಯ ಹಳ್ಳಿಯ ಮಗು ‘ಹಕ್ಕಿಯ ಗೂಡು’ ಎಂದು ಬರೆಯಬೇಕಾದೆಡೆ ‘ಅಕ್ಕಿಯ ಗೂಡು’ ಎಂದು ಬರೆಯುತ್ತದೆ. ಧಾರವಾಡದ ಕಡೆಯದು ‘ಮನೆ’ಯನ್ನು ‘ಮನಿ’ ಎನ್ನುತ್ತದೆ. ಇವು ಕಾಗುಣಿತದ ತಪ್ಪುಗಳೇ, ತಿದ್ದತಕ್ಕವೇ. ಆದರೆ ಒಂದೇ ತಪ್ಪು ಎಂಟು ಸಲ ಬಂದರೆ ಅದು ಎಂಟು ತಪ್ಪಲ್ಲ, ಒಂದು. ಅದಕ್ಕೆ ಒಮ್ಮೆ ಕಳೆದು ಮುಂದೆ ನಡೆಯಬೇಕು. ಇನ್ನೊಂದು ಬಗೆಯುಂಟು, ಅದು ತಪ್ಪೇ ಅಲ್ಲ. ಒಬ್ಬನು ‘ಈರುಳ್ಳಿ’ ಎಂದರೆ ಮತ್ತೊಬ್ಬನು ‘ಉಳ್ಳಾಗಡ್ಡಿ,’ ಮಂಗಳೂರಿನವನು ‘ನೀರುಳ್ಳಿ’. ಇಲ್ಲಿ ‘ಆಸ್ಪತ್ರೆ,’ ಅಲ್ಲಿ ‘ದವಾಖಾನೆ.’ ಈ ಶಬ್ದಗಳ ಕೆಳಗೆ ಕೆಂಪುಗೆರೆ ಎಳೆಯುವ ಪರೀಕ್ಷಕನು ಏಕೀಕರಣವನ್ನು ಭೂಪಟದಲ್ಲಿ ಒಪ್ಪಿ ಉತ್ತರಪತ್ರಿಕೆಯಲ್ಲಿ ತಳ್ಳಿಹಾಕಿದಂತಾಯಿತು. ಮೈಸೂರಿನ ಮಾತೇ ಗ್ರಂಥದ ಮಾತೆಂಬ ಹೆಮ್ಮೆ ನಮ್ಮಲ್ಲಿ ಸ್ವಲ್ಪ ಹೆಚ್ಚು. ಇಲ್ಲಿಯೇ ನಿಂತು ಇದನ್ನು ಹೇಳುವ ಧೈರ್ಯಕ್ಕೆ ಕ್ಷಮೆಯಿರಲಿ. ಬಹುಪಾಲು ಕನ್ನಡಿಗರಿಗೆ ಅರ್ಥವಾಗುವ ಯಾವ ಸೀಮೆಯ ಶಬ್ದಕ್ಕೂ ಅಂಕ ಕಳೆಯಕೂಡದೆಂಬ ನಿಯಮವು ಲಿಖಿತವಾಗಿ ಪರೀಕ್ಷಕರ ಕೈಯಲ್ಲಿರತಕ್ಕದ್ದು.

ಹಾಗಾದರೆ ನಿಯಮಗಳು ಯಾವುವು? ಹೆಸರನ್ನು ಮರೆಮಾಡುವುದು ಮೊದಲನೆಯದು; ಅದು ನಮ್ಮಲ್ಲಿದೆ. ಚೀನಾ ದೇಶದಲ್ಲಿ ಸುಂಗ್ ಅರಸರ ಕಾಲಕ್ಕೇ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಅಕ್ಷರದ ಗುರುತು ಹತ್ತದಿರಲೆಂದು ಗುಮಾಸ್ತರಿಂದ ಉತ್ತರವನ್ನೆಲ್ಲ ನಕಲು ಮಾಡಿಸಿ ಆ ನಕಲನ್ನೇ ಪರೀಕ್ಷಕರಿಗೆ ಕೊಡುತ್ತಿದ್ದರು. ನಮಗೆ ಅಷ್ಟು ಗುಮಾಸ್ತರು ಸಿಕ್ಕರು. ಅಂದವಾದ ಅಕ್ಷರಕ್ಕೆ ಮರುಳಾಗದಿರಿ ಎಂದು ಪರೀಕ್ಷಕರನ್ನು ಎಚ್ಚರಿಸಿದರೆ ಸಾಕು.

ಅದಕ್ಕಿಂತ ಮುಖ್ಯವಾದುದು, ತಿದ್ದುವುದಕ್ಕೆ ಮೊದಲು ಒಟ್ಟಿಗೆ ಕುಳಿತು ಓದುವುದು. ಮೌಲ್ಯಮಾಪನ ಕೇಂದ್ರದಲ್ಲಿ ಮೊದಲ ದಿನ ಮಾದರಿ ಉತ್ತರದ ಜೊತೆಗೆ ಮಕ್ಕಳೇ ಬರೆದ ನಾಲ್ಕಾರು ಪ್ರಬಂಧಗಳಿರಬೇಕು: ಉತ್ತಮವಾದುದು, ಸಾಧಾರಣವಾದುದು, ಉರುಹೊಡೆದುದು, ಕಾಗುಣಿತ ಕೆಟ್ಟರೂ ಹೇಳತಕ್ಕ ಮಾತುಳ್ಳದ್ದು. ಪ್ರತಿಯೊಂದಕ್ಕೂ ಎಷ್ಟು ಅಂಕ, ಏಕೆ ಅಷ್ಟೇ ಎಂದು ವಾದಿಸಿ ಒಪ್ಪಂದಕ್ಕೆ ಬಂದ ಮೇಲೆಯೇ ಕೆಂಪು ಲೇಖನಿ ತೆರೆಯತಕ್ಕದ್ದು. ಉತ್ತೀರ್ಣತೆಯ ಗೆರೆಯ ಬಳಿ ನಿಂತ ಪತ್ರಿಕೆಗಳ ಪ್ರಬಂಧವನ್ನು ಮೊದಲನೆಯವರ ಅಂಕ ಕಾಣದಂತೆ ಇನ್ನೊಬ್ಬರು ಓದಬೇಕು. ಖರ್ಚಾಗುವುದೆನ್ನುವಿರಿ, ಎಲ್ಲ ಪತ್ರಿಕೆಗಳಿಗೂ ಕೇಳುತ್ತಿಲ್ಲ, ಗೆರೆಯ ಬಳಿಯವಕ್ಕೆ ಮಾತ್ರ. ಮತ್ತು ಪ್ರಬಂಧದ ಕೆಳಗೆ ಒಂದು ಸಾಲು ಕಾರಣ ಬರೆಯಬೇಕು.

ಕಾರಣವೇಕೆ? ೧೯೮೪ರಲ್ಲಿ ಮಹಾರಾಷ್ಟ್ರದ ಮಂಡಲಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯಾರ್ಥಿಗೆ ಉತ್ತರಪತ್ರಿಕೆಯನ್ನು ತೋರಿಸಕೂಡದೆಂಬ ನಿಯಮವನ್ನು ಎತ್ತಿಹಿಡಿದಿತ್ತು. ೨೦೧೧ರಲ್ಲಿ ಅದೇ ನ್ಯಾಯಾಲಯವು, ಮಾಹಿತಿ ಹಕ್ಕಿನ ಕಾಯಿದೆಯಂತೆ ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗುಂಟೆಂದಿತು. ಪರೀಕ್ಷಕನ ಹೆಸರು ಮಾತ್ರ ಗುಪ್ತ. ಮಗುವಿಗೆ ಪತ್ರಿಕೆಯ ಪ್ರತಿಯೇನೋ ಕೈಗೆ ಬರುತ್ತದೆ. ಅದರಲ್ಲಿ ಪ್ರಬಂಧದ ಪಕ್ಕದಲ್ಲಿ ‘೨’ ಎಂಬ ಅಂಕಿಯೊಂದಿದ್ದರೆ ಆ ಮಗು ನೋಡುವುದಾದರೂ ಏನನ್ನು? ಕಾರಣ ಬರೆಯದ ತೀರ್ಪಿನ ಮೇಲೆ ನಾವು ಅಪೀಲು ಮಾಡುವಾಗ ಪಡುವ ಕಷ್ಟ ನನಗೆ ಗೊತ್ತು. ಹದಿನಾರು ವರ್ಷದ ಹುಡುಗಿಗೆ ವಕೀಲನೂ ಇಲ್ಲ.

ಇನ್ನೊಂದು ಮಾತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇಂದಿಗೂ ಕೇರಳದ ಪರೀಕ್ಷೆಗೆ, ಜತ್ತ ಅಕ್ಕಲಕೋಟೆಗಳ ಮಕ್ಕಳು ಮಹಾರಾಷ್ಟ್ರದ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಚಂದ್ರಗಿರಿಯ ಉತ್ತರ ಭಾಗವು ನಮಗೆ ಸೇರಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿಯೇ ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ಆದರೆ ನಾನು ಹೇಳಿದ ಮಾದರಿ ಪ್ರಬಂಧಗಳ ಕಟ್ಟೊಂದು ಗಡಿಯನ್ನು ದಾಟುವುದಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ. ಅಲ್ಲಿಯ ಕನ್ನಡ ಪಂಡಿತರಿಗೆ ನಮ್ಮ ಮಾದರಿಗಳನ್ನು ಕಳುಹಿಸೋಣ, ಅವರಿಂದ ಅವರವನ್ನು ತರಿಸಿಕೊಳ್ಳೋಣ.

ಬರಿಯ ಮಾತಿನಿಂದ ತಮ್ಮನ್ನು ಬೀಳ್ಕೊಡುವುದು ನನಗಿಷ್ಟವಿಲ್ಲ. ಈ ಮೇಜಿನ ಮೇಲೆ ಹೆಸರನ್ನು ತೆಗೆದ ಆರು ಪ್ರಬಂಧಗಳ ಪ್ರತಿಗಳಿವೆ. ಪ್ರತಿಯೊಬ್ಬರೂ ಒಂದೊಂದು ಕಟ್ಟನ್ನು ತೆಗೆದುಕೊಂಡು, ಪಕ್ಕದವರೊಡನೆ ಮಾತನಾಡದೆ, ಐದಕ್ಕೆ ಎಷ್ಟೆಂದು ಚೀಟಿಯಲ್ಲಿ ಬರೆದು ಅಧ್ಯಕ್ಷರಿಗೆ ಕೊಡಬೇಕೆಂದು ವಿಜ್ಞಾಪಿಸುತ್ತೇನೆ. ಕಾಫಿಯಾಗುವುದರೊಳಗೆ ಅವರು ಅಂಕಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಮೂರನೆಯ ಪ್ರಬಂಧವನ್ನು ಸ್ವಲ್ಪ ನಿಧಾನವಾಗಿ ಓದಿರಿ.