ಗೊಬ್ಬರ ಬಂದ ಮಗುವಿನ ಶುಶ್ರೂಷೆ

(ಚಿಕ್ಕೋಡಿಯಲ್ಲಿ ಮಾಡಿದ ಭಾಷಣ)



ನಾವು ವೃತ್ತಿಯಿಂದ ವಕೀಲರು, ವೈದ್ಯರಲ್ಲ. ಆದರೂ ವೈದ್ಯಶಾಸ್ತ್ರವು ನಿಶ್ಚಯಿಸಿದ ಮಾತುಗಳನ್ನು ಮನೆಮನೆಗೆ ಮುಟ್ಟಿಸುವುದು ಅಕ್ಷರ ಬಲ್ಲವರೆಲ್ಲರ ಕರ್ತವ್ಯವೆಂದು ಬಗೆದಿದ್ದೇವೆ.

ದಡಾರವೆಂಬ ಬೇನೆಗೆ ನಮ್ಮ ಕಡೆ ಗೊಬ್ಬರವೆನ್ನುತ್ತಾರೆ. ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಅದೇ ಗೋವರ. ಹೆಸರು ಬೇರೆ, ಬೇನೆ ಒಂದೇ. ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು; ಕೆಲವು ದಿನಗಳ ತರುವಾಯ ಮುಖದಿಂದ ಮೊದಲಾಗಿ ಮೈತುಂಬ ಕೆಂಪು ದದ್ದು. ದದ್ದು ಏಳುವುದಕ್ಕೆ 4 ದಿನ ಮೊದಲಿನಿಂದ, ಎದ್ದ 4 ದಿನಗಳವರೆಗೆ ಇದು ಅಂಟುತ್ತದೆ. ರೋಗಿಯು ಎದ್ದು ಹೋದ ಕೋಣೆಯ ಗಾಳಿಯಲ್ಲಿಯೂ 2 ತಾಸು ಉಳಿಯಬಲ್ಲದು. ಆದುದರಿಂದ ಮಗುವನ್ನು ಗಾಳಿ ಬೆಳಕುಳ್ಳ ಬೇರೆ ಕೋಣೆಯಲ್ಲಿರಿಸಬೇಕು. ಶಿಕ್ಷಕರು ಅಂಥ ಮಗುವನ್ನು ಶಾಲೆಗೆ ಕರೆಯಬಾರದು. ಗರ್ಭಿಣಿಯರೂ ಹಸುಗೂಸುಗಳೂ ಹತ್ತಿರ ಸುಳಿಯಬಾರದು.

ದೇವಿ ಬಂದಳೆಂದು ಬೇವಿನ ತೊಪ್ಪಲು ಕಟ್ಟುವ ಭಕ್ತಿಯೊಡನೆ ನಮಗೆ ಜಗಳವಿಲ್ಲ. ಭಕ್ತಿಯೂ ಔಷಧವೂ ವಾದಿ ಪ್ರತಿವಾದಿಗಳಲ್ಲ. ದೇವಿಯ ಹೆಸರಿನಲ್ಲಿ ಮಗುವಿನ ಅನ್ನ ನೀರು ಕಟ್ಟುವುದು, ದವಾಖಾನೆಗೆ ಒಯ್ಯದಿರುವುದು, ಇಷ್ಟೇ ನಮ್ಮ ತಕರಾರು. ದೇವಿಯೆಂದೇ ಹೆಸರಾಗಿದ್ದ ಸಿಡುಬು ಲಸಿಕೆಯ ಬಲದಿಂದಲೇ 1975ರಲ್ಲಿ ಭಾರತವನ್ನು ಬಿಟ್ಟು ಹೋಯಿತಷ್ಟೆ!

ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ, ಶುಶ್ರೂಷೆಯೇ ಮುಖ್ಯ. ಬಹುತರ ಮಕ್ಕಳನ್ನು ಒಯ್ಯುವುದು ದದ್ದಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾ ಮತ್ತು ಭೇದಿ. ಎದೆಹಾಲನ್ನು ನಿಲ್ಲಿಸಬೇಡಿರಿ. ದೊಡ್ಡ ಮಕ್ಕಳಿಗೆ ಗಂಜಿ, ಬೇಳೆಯ ಕಟ್ಟು, ಮಜ್ಜಿಗೆಗಳನ್ನು ಮೇಲಿಂದ ಮೇಲೆ ಕೊಡಿರಿ. ಭೇದಿಯಾದರೆ ಓ.ಆರ್.ಎಸ್. ಕುಡಿಸಿರಿ. ಜ್ವರಕ್ಕೆ ವೈದ್ಯರು ತೂಕ ನೋಡಿ ಹೇಳಿದಷ್ಟೇ ಪ್ಯಾರಾಸಿಟಮಾಲ್. ಆಸ್ಪಿರಿನ್ ಸರ್ವಥಾ ಕೂಡದು. ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಕಣ್ಣೊರೆಸಿರಿ. ದವಾಖಾನೆಯಲ್ಲಿ ಎರಡು ದಿನ ಕೊಡುವ 'ಎ' ಜೀವಸತ್ತ್ವವು ಕಣ್ಣನ್ನೂ ಪ್ರಾಣವನ್ನೂ ಕಾಯುತ್ತದೆ, ಅದನ್ನು ತಪ್ಪಿಸಬೇಡಿರಿ.

ಉಸಿರನ್ನು ಎಣಿಸಲು ಕಲಿಯಿರಿ. ವರ್ಷದೊಳಗಿನ ಕೂಸು ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗು 40 ಸಲ ಅಥವಾ ಹೆಚ್ಚು ಉಸಿರಾಡಿದರೆ, ಕುಡಿಯಲಾರದಾದರೆ, ಸೆಳವು ಬಂದರೆ, ಮಂಪರುಗಟ್ಟಿದರೆ, ಕಣ್ಣು ಮಸುಕಾದರೆ ಬೆಳಗಾಗುವುದನ್ನು ಕಾಯದೆ ದವಾಖಾನೆಗೆ ನಡೆಯಿರಿ.

ಬೇನೆ ಬಾರದಂತೆ ತಡೆಯುವುದೇ ಲೇಸು. 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ಎರಡು ಸಲ ಸರಕಾರವು ದಡಾರ-ರುಬೆಲ್ಲಾ ಲಸಿಕೆಯನ್ನು ಪುಕ್ಕಟೆಯಾಗಿ ಹಾಕುತ್ತದೆ. ಆದರೆ ರಾಯಬಾಗ, ಅಥಣಿ, ಕಾಗವಾಡಗಳ ಹೊಲಗಳಿಗೆ ಕಬ್ಬು ಕಡಿಯಲು ಬರುವವರ ಕೂಸುಗಳು ಯಾವ ಊರಿನ ಪಟ್ಟಿಯಲ್ಲಿಯೂ ಸೇರದೆ ಉಳಿಯಬಹುದು. ಅವರ ಗುಡಿಸಲಿಗೆ ಆಶಾ ಕಾರ್ಯಕರ್ತೆಯನ್ನು ಕರೆದೊಯ್ದು, ಕನ್ನಡವಾಗಲಿ ಮರಾಠಿಯಾಗಲಿ ಅವರ ಮಾತಿನಲ್ಲಿಯೇ ತಿಳಿಹೇಳುವ ಭಾರವನ್ನು ಪ್ರತಿಯೊಬ್ಬ ಶಿಕ್ಷಕರೂ ವಹಿಸಲಿ. ಬೇನೆಯು ಸೀಮೆಯ ಕಲ್ಲನ್ನು ನೋಡಿ ನಿಲ್ಲುವುದಿಲ್ಲ. ನಮ್ಮ ಆರೈಕೆಯೂ ನಿಲ್ಲಬಾರದು.