ಕನ್ನಡಿ ಹಿಡಿದ ಕೈ

ಮೊನ್ನೆ ಕೆರೂರಿನ ನೇಕಾರರ ಓಣಿಯಲ್ಲಿ ಹೊರಟಿದ್ದೆ. ಒಂದು ಮನೆಯ ಮುಂದೆ ಕಾಲು ತಾವಾಗಿ ನಿಂತವು. ಕರೆಂಟು ಹೋಗಿತ್ತು. ಒಳಗೆ ಕುಣಿಮಗ್ಗದಲ್ಲಿ ಕೂತ ಅಜ್ಜಿ ಹರಿದ ಎಳೆಯೊಂದನ್ನು ಹುಡುಕುತ್ತಿದ್ದಳು. ಅಂಗಳದಲ್ಲಿ ಮೊಮ್ಮಗ ಒಡೆದ ಕನ್ನಡಿಯ ಚೂರು ಹಿಡಿದು, ಬಿಸಿಲನ್ನು ಬಾಗಿಲೊಳಗೆ ತಿರುಗಿಸಿ ಮಗ್ಗದ ಮೇಲೆ ಬಿಟ್ಟಿದ್ದ. "ಅಳ್ಳಾಡಸಬ್ಯಾಡೋ ತಮ್ಮಾ, ಎಳಿ ಕಾಣವಲ್ದು" ಅಂದಳು ಅಜ್ಜಿ. ಹುಡುಗ ಉಸಿರು ಬಿಗಿಹಿಡಿದ. ಆ ಬಿಸಿಲುಕೋಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು.

ನನಗೆ ಹಿಂದಿ ಸಿನಿಮಾ ನಿರ್ದೇಶಕ ಗುರುದತ್ತರ ನೆನಪಾಯಿತು. ಅವರ ಜನ್ಮಶತಮಾನದ ವರ್ಷವಾದ 2025ರ ಆಗಸ್ಟಿನಲ್ಲಿ ಅವರ ಸಿನಿಮಾಗಳು ಹೊಸ ಹೊಳಪಿನೊಂದಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂದವು. ಬೆಂಗಳೂರಿನಲ್ಲಿ ಹುಟ್ಟಿದ, ಪಡುಕೋಣೆ ಮನೆತನದ ಮಗ. ತಾಯಿ ವಾಸಂತಿ ಪಡುಕೋಣೆ 'ನನ್ನ ಮಗ ಗುರುದತ್ತ' ಎಂದು ಕನ್ನಡದಲ್ಲೇ ಬರೆದರು. ಅದನ್ನು ಪ್ರಕಟಿಸಿದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ.

1959ರ 'ಕಾಗಜ್ ಕೆ ಫೂಲ್' ಅವರು ಎದೆ ಬಗೆದಿಟ್ಟ ಸಿನಿಮಾ. ಸಂಸಾರ ಒಡೆದ ಒಬ್ಬ ನಿರ್ದೇಶಕ, ಅವನು ಬೆಳೆಸಿದ ನಟಿ, ಕೊನೆಗೆ ಸ್ಟುಡಿಯೋದ ಕುರ್ಚಿಯಲ್ಲೇ ಅವನ ಸಾವು. ನಡುವೆ ಒಂದು ಹಾಡು. ಬರಿದಾದ ಸ್ಟುಡಿಯೋದಲ್ಲಿ ಆ ನಿರ್ದೇಶಕನಾಗಿ ಗುರುದತ್ತ, ಆ ನಟಿಯಾಗಿ ವಹೀದಾ ರೆಹಮಾನ್ ದೂರದೂರ ನಿಂತಿದ್ದಾರೆ. ಮೇಲಿನಿಂದ ದಪ್ಪನೆಯ ಬೆಳಕಿನ ಕಂಬವೊಂದು ಇಳಿದಿದೆ. ಹಾಡುವ ದನಿ ಗೀತಾ ದತ್ತರದು, ಗುರುದತ್ತರ ಹೆಂಡತಿಯದು. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಆ ಬೆಳಕನ್ನು ಇಳಿಸಿದವರು ಸಿನಿಮಾದ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ. ಸ್ಟುಡಿಯೋದ ದೀಪದ ಬೆಳಕು ಚೆಲ್ಲಾಡುತ್ತದೆ, ಕಂಬದ ಹಾಗೆ ನಿಲ್ಲುವುದಿಲ್ಲ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗಿನ ಬಿಸಿಲನ್ನು ಹಿಡಿದು ಒಳಗೆ ಕಳಿಸಿತು. ಒಳಗಿನದು ಅದನ್ನು ಕೆಳಗೆ ಇಳಿಸಿತು. ಬಿಸಿಲನ್ನು ಹೀಗೆ ಹಿಡಿಯುವುದು ಸುಲಭದ ಕೆಲಸವಲ್ಲ. ಸೂರ್ಯ ನಮಗಾಗಿ ನಿಲ್ಲುವವನಲ್ಲ. ಅವನು ಸರಿದ ಹಾಗೆ ಕನ್ನಡಿಯನ್ನೂ ಸರಿಸಬೇಕು, ಕೈ ನಡುಗಬಾರದು.

ಗುರುದತ್ತರದು ಅಷ್ಟೊಂದು ಸ್ವಂತದ ಸಂಕಟ. ಅದು ಕಾಣಬೇಕಾದರೂ ಇನ್ನೊಬ್ಬರು ಕನ್ನಡಿ ಹಿಡಿಯಬೇಕಾಯಿತು. ನಮ್ಮ ದುಃಖ ಪೂರಾ ನಮ್ಮದೇ ಎಂದುಕೊಂಡಿರುತ್ತೇವೆ, ಇರಬಹುದೇನೋ.

ಸಿನಿಮಾ ಸೋತಿತು. ಆಮೇಲೆ ಗುರುದತ್ತ ಯಾವ ಸಿನಿಮಾಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್ 10ರಂದು ತೀರಿಕೊಂಡಾಗ ಅವರಿಗೆ 39 ವರ್ಷ. ಮೂರ್ತಿಯವರು ತೊಂಬತ್ತು ವರ್ಷ ಬದುಕಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಆ ಸಿನಿಮಾ ಎಲ್ಲಾದರೂ ಸಿಕ್ಕರೆ ನೋಡಿ. ಮೊದಲಿಗೆ ಬರುವ ಹೆಸರುಗಳನ್ನು ಓಡಿಸಬೇಡಿ. ವಿ.ಕೆ. ಮೂರ್ತಿ ಎಂದು ಬರುವವರೆಗೆ ದಯವಿಟ್ಟು ಕಾಯಿರಿ.